ಓದಲು ಬಾರದ ಮಗು ಮತ್ತು ಹೊರನಾಡ ಸಂಘ

(ಘಾಜಿಯಾಬಾದಿನ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನ ವೇದಿಕೆಯ ಮೇಲೆ ನಿಂತವನು ನೃಪತುಂಗನಿಂದ ಹೊರಟು, ಎಂಟು ಜ್ಞಾನಪೀಠಗಳನ್ನು ಎಣಿಸಿ, ಕೆಳಗಿಳಿಯಬೇಕೆಂಬುದು ನಮ್ಮಲ್ಲಿ ಅಲಿಖಿತ ನಿಯಮ. ಹಾಗೆ ಮಾಡಿದರೆ ಚಪ್ಪಾಳೆಗೆ ಕೊರತೆಯಾಗುವುದಿಲ್ಲ. ಇಂದು ಆ ರಾಜಮಾರ್ಗವನ್ನು ಬಿಟ್ಟು, ತೀರ ಸಣ್ಣದೆಂದು ತೋರುವ ಒಂದು ವಿಷಯವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಾಲ್ಕನೆಯ, ಐದನೆಯ ತರಗತಿಗೆ ಬಂದರೂ ನಾಲ್ಕು ಸಾಲು ಓದಲು ಬಾರದ ಮಕ್ಕಳು ನಮ್ಮ ಸುತ್ತ ಇದ್ದಾರೆ. ಅವರಿಗೆ ಓದು ಕಲಿಸುವ ಪ್ರಯತ್ನಗಳು ನಮ್ಮ ದೇಶದಲ್ಲಿ ಹೇಗೆ ನಡೆದಿವೆ, ಅವುಗಳಲ್ಲಿ ಯಾವುದು ಫಲ ಕೊಟ್ಟಿತು, ಆ ಕೆಲಸದಲ್ಲಿ ನಮ್ಮಂಥ ಸಂಘಕ್ಕೆ ಪಾಲಿದೆಯೆ - ಇಷ್ಟೇ ನನ್ನ ವಿಷಯ. ನಾನು ಶಿಕ್ಷಣಶಾಸ್ತ್ರದ ಪಂಡಿತನಲ್ಲ, ಕಡತಗಳ ನಡುವೆ ಕಾಲ ಕಳೆದವನು. ಆದರೆ ಕಡತದ ಮನುಷ್ಯನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಯಾವ ಯೋಜನೆಯೇ ಆಗಲಿ, ಅದು ಕಾಗದದ ಮೇಲೆ ಏನು ಹೇಳಿತು, ನೆಲದ ಮೇಲೆ ಏನು ಮಾಡಿತು ಎಂದು ಪಕ್ಕಪಕ್ಕ ಇಟ್ಟು ನೋಡದೆ ಅವನಿಗೆ ಸಮಾಧಾನವಾಗದು.

ಮೊದಲು ನಮ್ಮ ಈ ಊರಿನ ಮಾತು. ಮೀರತ್ ಜಿಲ್ಲೆಯಿಂದ ಬೇರ್ಪಟ್ಟು ಘಾಜಿಯಾಬಾದ್ ಪ್ರತ್ಯೇಕ ಜಿಲ್ಲೆಯಾದದ್ದು 1976ರ ನವೆಂಬರ್ 14ರಂದು. ಅಂದು ಮಕ್ಕಳ ದಿನಾಚರಣೆ ಎಂಬುದು ನಮ್ಮ ವಿಷಯಕ್ಕೆ ಒದಗಿಬಂದ ಆಕಸ್ಮಿಕ. ಅದಕ್ಕೂ ಎರಡು ವರ್ಷ ಮೊದಲು, 1974ರಲ್ಲಿ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತನ್ನ ಎರಡನೆಯ ಕಾರ್ಖಾನೆಯನ್ನು ಇಲ್ಲಿ ಸ್ಥಾಪಿಸಿತು. ಜಾಲಹಳ್ಳಿಯಿಂದ ವರ್ಗವಾಗಿ ಬಂದ ಸಂಸಾರಗಳು, ದೂರಸಂಪರ್ಕ ತರಬೇತಿ ಕೇಂದ್ರಕ್ಕೂ ಹಿಂಡನ್ ವಾಯುನೆಲೆಗೂ ಬಂದವರು, ಮುಂದೆ ದೆಹಲಿಯ ಮನೆಗಳ ಬೆಲೆಗೆ ಹೆದರಿ ಯಮುನೆ ದಾಟಿ ವೈಶಾಲಿ, ವಸುಂಧರಾ, ಇಂದಿರಾಪುರಂಗಳಲ್ಲಿ ನೆಲೆ ನಿಂತ ಸರ್ಕಾರಿ ನೌಕರರು, ಈಚೆಗೆ ನೋಯ್ಡಾದ ಕಂಪ್ಯೂಟರ್ ಸಂಸ್ಥೆಗಳಿಗಾಗಿ ಬಂದ ತರುಣರು - ಈ ಸಭೆಯಲ್ಲಿ ಇರುವವರೆಲ್ಲ ಹೆಚ್ಚು ಕಡಿಮೆ ಈ ನಾಲ್ಕು ಗುಂಪುಗಳಿಗೆ ಸೇರಿದವರು. ನಮ್ಮ ಬಹುಮಹಡಿ ಮನೆಗಳ ನೆರಳಿನಲ್ಲಿ ಇನ್ನೊಂದು ವಲಸೆಯೂ ನೆಲೆಸಿದೆ. ಪೂರ್ವ ಉತ್ತರ ಪ್ರದೇಶ, ಬಿಹಾರ, ಬುಂದೇಲಖಂಡಗಳಿಂದ ಬಂದು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಗೇಟಿನಲ್ಲಿ ಕಾವಲು ಕೂರುವವರು, ಬಟ್ಟೆ ಇಸ್ತ್ರಿ ಮಾಡುವವರು. ಅವರ ಮಕ್ಕಳು ಸರ್ಕಾರದ ಪರಿಷದೀಯ ಶಾಲೆಗೋ, ಗಲ್ಲಿಯೊಳಗಿನ ‘ಇಂಗ್ಲಿಷ್ ಮೀಡಿಯಂ’ ಎಂಬ ಫಲಕ ಹೊತ್ತ ಎರಡು ಕೋಣೆಯ ಶಾಲೆಗೋ ಹೋಗುತ್ತಾರೆ. ನಾವೂ ವಲಸೆಗಾರರು, ಅವರೂ ವಲಸೆಗಾರರು. ನಮಗೆ ಸಂಘವಿದೆ, ಅವರಿಗೆ ಇಲ್ಲ.

ನಮ್ಮ ವಸತಿ ಸಮುಚ್ಚಯದ ನಾಲ್ಕೈದು ಮಂದಿ ಎರಡು ಚಳಿಗಾಲಗಳಿಂದ ಇಂಥ ಮಕ್ಕಳನ್ನು ಸಂಜೆ ಒಂದು ಗಂಟೆ ಕೂರಿಸಿಕೊಂಡು ಓದಿಸುತ್ತಿದ್ದೇವೆ. ಅವರಲ್ಲೊಬ್ಬ ಐದನೆಯ ತರಗತಿಯ ಹುಡುಗ. ಬಂದ ಮೊದಲ ದಿನ ಹಿಂದಿ ಪಠ್ಯಪುಸ್ತಕ ತೆರೆದು ಒಂದು ಇಡೀ ಪಾಠವನ್ನು ತಪ್ಪಿಲ್ಲದೆ, ವಿರಾಮಕ್ಕೆ ತಕ್ಕ ಏರಿಳಿತದೊಡನೆ ಓದಿಬಿಟ್ಟ. ಇವನನ್ನು ಇಲ್ಲಿಗೇಕೆ ಕಳುಹಿಸಿದರು ಎಂದು ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಜೊತೆಗಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ ಪುಸ್ತಕವನ್ನು ಬಿಟ್ಟು ಹುಡುಗನ ಕಣ್ಣುಗಳನ್ನು ನೋಡುತ್ತಿದ್ದರು. ಅವರು ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಹುಡುಗ ಪಾಠದ ಮೊದಲ ಸಾಲಿಗೆ ಹಿಂದಿರುಗಿ, ಅಲ್ಲಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬಂದು, ಆ ಬೆರಳಿರುವ ಜಾಗಕ್ಕೆ ತಲುಪಿ ಉತ್ತರ ಕೊಟ್ಟ. ಉತ್ತರ ಸರಿಯಾಗಿತ್ತು. ಅದೇ ಪದವನ್ನು ಸ್ಲೇಟಿನ ಮೇಲೆ ಬಿಡಿಯಾಗಿ ಬರೆದಾಗ ಅವನಿಗೆ ಅದು ಗುರುತು ಸಿಗಲಿಲ್ಲ. ಐದು ವರ್ಷ ಶಾಲೆಗೆ ಹೋಗಿದ್ದ ಆ ಹುಡುಗನ ನೆನಪಿನ ಶಕ್ತಿ ಅಸಾಧಾರಣವಾದದ್ದು. ಆ ಶಕ್ತಿಯಿಂದಲೇ ಅವನು ತನಗೆ ಓದು ಬಾರದೆಂಬುದನ್ನು ಐದು ವರ್ಷ ಎಲ್ಲರಿಂದ ಮುಚ್ಚಿಟ್ಟಿದ್ದ.

ಇದು ಹೊಸ ರೋಗವಲ್ಲ, ಉತ್ತರ ಪ್ರದೇಶದ ರೋಗವೂ ಅಲ್ಲ. ಇನ್ನೂರು ವರ್ಷಗಳ ಹಿಂದಿನ ನಮ್ಮ ಬಳ್ಳಾರಿಗೆ ತಮ್ಮನ್ನು ಕರೆದೊಯ್ಯುತ್ತೇನೆ. ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೊ 1822ರಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳ ದೇಶೀ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷಿನದು ಒಂದೇ ಒಂದು. ಧರ್ಮಪಾಲರು 1983ರಲ್ಲಿ ಈ ದಾಖಲೆಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ, ಹಿಂದೆ ನಮ್ಮಲ್ಲಿ ಎಷ್ಟು ಶಾಲೆಗಳಿದ್ದವು ಎಂದು ಹೆಮ್ಮೆಪಡಲು ಅನೇಕರು ಈ ಅಂಕಿಗಳನ್ನು ಬಳಸಿದ್ದಾರೆ. ಹೆಮ್ಮೆ ಇರಲಿ. ಸಾವಿರಕ್ಕೆ ಏಳು ಮಂದಿಯೂ ಇಲ್ಲ ಎಂದು ಕ್ಯಾಂಪ್‌ಬೆಲ್ ಅಲ್ಲಿಯೇ ಲೆಕ್ಕ ಹಾಕಿದ್ದನೆಂಬುದನ್ನೂ ಮರೆಯಬಾರದು.

ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಬೇರೆ. ಒಂದು ದೂರು, ಒಂದು ಮೆಚ್ಚುಗೆ. ಮಕ್ಕಳು ಕಾವ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಆಡುಮಾತಿಗಿಂತ ಬೇರೆಯಾದ ಆ ಭಾಷೆಯ ಅರ್ಥ ಅವರಿಗೆ ತಿಳಿದಿರುವುದಿಲ್ಲ ಎಂಬುದು ಅವನ ದೂರು. ನಮ್ಮ ಇಂದಿರಾಪುರಂನ ಹುಡುಗ ಆ ಶಾಲೆಯ ನೇರ ವಾರಸುದಾರ. ಇನ್ನು ಮೆಚ್ಚುಗೆ: ಮುಂದುವರಿದ ಮಕ್ಕಳು ಹಿಂದಿರುವ ಮಕ್ಕಳಿಗೆ ಕಲಿಸುವ ಕ್ರಮ, ಅತಿ ಕಡಿಮೆ ಖರ್ಚಿನಲ್ಲಿ ಬರವಣಿಗೆ ಕಲಿಸುವ ರೀತಿ ಶ್ಲಾಘನೀಯ; ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿರುವುದು ಯೋಗ್ಯವೇ ಆಗಿದೆ ಎಂದು ಅವನು ಬರೆದ. ಅದು ಬರಿಯ ಉಪಚಾರದ ಮಾತಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಜಗಲಿಯ ಮೇಲೆ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದುದನ್ನು ಕಂಡು, ಆ ಕ್ರಮವನ್ನು ತನ್ನ ಶಾಲೆಗೆ ತಂದು, ಆಮೇಲೆ ಬ್ರಿಟನ್ನಿಗೆ ಒಯ್ದ. ಅಲ್ಲಿ ಅದಕ್ಕೆ ‘ಮದರಾಸ್ ಪದ್ಧತಿ’ ಎಂದೇ ಹೆಸರಾಯಿತು. ನಮ್ಮ ಉತ್ತರ ಕರ್ನಾಟಕದ ಹಿರಿಯರು ಕೂಲಿಮಠ ಎಂದು ನೆನಪಿಸಿಕೊಳ್ಳುವುದು ಇಂಥದೇ ಶಾಲೆಯನ್ನು. ಹಿರಿಯ ಹುಡುಗ ಕಿರಿಯವನ ಕೈ ಹಿಡಿದು ತಿದ್ದಿಸುತ್ತಿದ್ದ. ಬಾರದಿದ್ದರೆ ಬರುವವರೆಗೂ ಅದೇ ಅಕ್ಷರ. ಜೂನ್ ಬಂತೆಂದು ಮುಂದಿನ ತರಗತಿಗೆ ದಬ್ಬುವವರು ಇರಲಿಲ್ಲ. ಹೊಡೆತ ಬಡಿತ ಇತ್ತು, ಯಾರಿಗೆ ಪ್ರವೇಶ ಯಾರಿಗೆ ಇಲ್ಲ ಎಂಬ ಜಾತಿಯ ಕಟ್ಟು ಇತ್ತು. ಆ ಶಾಲೆ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಕಲಿಸು ಎಂಬ ಒಂದು ವಿವೇಕ ಅಲ್ಲಿತ್ತು.

ತರಗತಿಗೊಂದು ಪುಸ್ತಕ, ವಯಸ್ಸಿಗೊಂದು ತರಗತಿ ಎಂಬ ವ್ಯವಸ್ಥೆ ಬಂದ ಮೇಲೆ ಶಿಕ್ಷಣ ಕೋಟಿಗಟ್ಟಲೆ ಮಕ್ಕಳನ್ನು ತಲುಪಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಶಿಕ್ಷಕ ಮುಗಿಸಬೇಕಾದದ್ದು ಪುಸ್ತಕವನ್ನು. ಎರಡನೆಯ ತರಗತಿಯಲ್ಲಿ ಅಕ್ಷರ ಹಿಡಿಯದೆ ಉಳಿದ ಮಗುವಿಗೆ ಮೂರನೆಯ ತರಗತಿಯ ಪುಸ್ತಕ ಬಾಗಿಲು ಮುಚ್ಚಿದ ಮನೆ. ವರ್ಷ ಕಳೆದಂತೆ ಅದು ಆ ಬಾಗಿಲಿನಿಂದ ದೂರ ದೂರ ಸರಿಯುತ್ತದೆ. 2005ರಿಂದ ಗ್ರಾಮೀಣ ಭಾರತದ ಮನೆ ಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುತ್ತಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಓದಬಲ್ಲವರು 2022ರಲ್ಲಿ ನೂರಕ್ಕೆ 16.3, 2024ರಲ್ಲಿ 23.4. ಉತ್ತರ ಪ್ರದೇಶದಲ್ಲಿ ಇದೇ ಅಂಕಿ 2018ರಲ್ಲಿ 12.3 ಇದ್ದದ್ದು 2024ಕ್ಕೆ 27.9ಕ್ಕೆ ಏರಿದೆ. ಕರ್ನಾಟಕದ ಅಂಕಿ 2018ರಿಂದ 2022ಕ್ಕೆ, ಶಾಲೆಗಳು ಮುಚ್ಚಿದ್ದ ಮಹಾಮಾರಿಯ ಅವಧಿಯ ನಂತರ, ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು; 2024ರಲ್ಲಿ ಅಲ್ಪಸ್ವಲ್ಪ ಚೇತರಿಸಿಕೊಂಡರೂ ಉತ್ತರ ಪ್ರದೇಶಕ್ಕಿಂತ ಹಿಂದೆಯೇ ಉಳಿಯಿತು. ಈ ಸಮೀಕ್ಷೆ ನಗರಗಳನ್ನು ಒಳಗೊಳ್ಳುವುದಿಲ್ಲವಾದ್ದರಿಂದ ಇಂದಿರಾಪುರಂನ ಚಿತ್ರ ಅದರಲ್ಲಿಲ್ಲ. ಆದರೂ ಚಹಾದ ಜೊತೆ ‘ಈ ಯುಪಿಯವರು’ ಎಂದು ಮೂಗು ಮುರಿಯುವ ನಮ್ಮ ಅಭ್ಯಾಸಕ್ಕೆ ಈ ಎರಡು ರಾಜ್ಯಗಳ ಅಂಕಿ ಒಳ್ಳೆಯ ಔಷಧ.

ಮಗು ಹಿಂದುಳಿದರೆ ಟ್ಯೂಷನ್ ಹಾಕಿಸಿ ಎನ್ನುವುದು ನಮ್ಮ ವರ್ಗದ ಪರಿಹಾರ. ವಸುಂಧರಾದಿಂದ ವೈಶಾಲಿಯವರೆಗೆ ಒಮ್ಮೆ ನಡೆದು ನೋಡಿ, ಕೋಚಿಂಗ್ ಫಲಕವಿಲ್ಲದ ಕಂಬ ಸಿಕ್ಕರೆ ಹೇಳಿ. 2022ರ ಅಸರ್ ಪ್ರಕಾರ ಗ್ರಾಮೀಣ ಮಕ್ಕಳಲ್ಲೂ ನೂರಕ್ಕೆ ಮೂವತ್ತು ಮಂದಿ ಹಣ ಕೊಟ್ಟು ಟ್ಯೂಷನ್ನಿಗೆ ಹೋಗುತ್ತಿದ್ದರು. ಶಿಕ್ಷಣ ಹಕ್ಕಿನ 2009ರ ಕಾಯಿದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳಬಾರದೆನ್ನುತ್ತದೆ. ಕಾಯಿದೆ ತನ್ನ ಪಾಡಿಗೆ ಇದೆ, ಪಾಠ ತನ್ನ ಪಾಡಿಗೆ ನಡೆದಿದೆ. ಅದಿರಲಿ, ಟ್ಯೂಷನ್ ಎನ್ನುವುದು ಬಹುಪಾಲು ಅದೇ ಪಠ್ಯಪುಸ್ತಕದ ಎರಡನೆಯ ಆವೃತ್ತಿ. ಓದಲು ಬರುವ ಮಗುವಿಗೆ ಅದರಿಂದ ಇನ್ನಷ್ಟು ಅಂಕ ಸಿಗಬಹುದು. ಓದಲು ಬಾರದ ಮಗುವಿಗೆ ಅದೇ ಮುಚ್ಚಿದ ಬಾಗಿಲು ಸಂಜೆಯೂ ಎದುರಾಗುತ್ತದೆ.

ಬೇರೆ ದಾರಿ ಹುಡುಕಿದ್ದು ಮುಂಬಯಿಯಲ್ಲಿ. 1990ರ ದಶಕದ ಮಧ್ಯದಲ್ಲಿ ಮಾಧವ ಚವಾಣ್ ಮತ್ತು ಫರೀದಾ ಲಾಂಬೆ ಅಲ್ಲಿ ‘ಪ್ರಥಮ್’ ಸಂಸ್ಥೆಯನ್ನು ಕಟ್ಟಿದರು. ಅದರ ‘ಬಾಲಸಖಿ’ ಕಾರ್ಯಕ್ರಮದಲ್ಲಿ ಅದೇ ಕೇರಿಯ, ಪ್ರೌಢಶಾಲೆ ಓದಿದ ಹೆಣ್ಣುಮಗಳೊಬ್ಬಳು ಎರಡು ವಾರಗಳ ತರಬೇತಿ ಪಡೆದು, ಮೂರನೆಯ ನಾಲ್ಕನೆಯ ತರಗತಿಗಳಲ್ಲಿ ಹಿಂದುಳಿದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪಕ್ಕಕ್ಕೆ ಕೂರಿಸಿಕೊಂಡು ಮೊದಲಿನ ಪಾಠವನ್ನೇ ಕಲಿಸುತ್ತಿದ್ದಳು. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾಗಳಲ್ಲಿ ಇದನ್ನು ಅಳೆದು ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಇಬ್ಬರು ಇವರೇ. ಮಕ್ಕಳ ಕಲಿಕೆ ಸ್ಪಷ್ಟವಾಗಿ ಏರಿತು, ಅತಿ ಹೆಚ್ಚು ಲಾಭವಾದದ್ದು ಅತಿ ಹಿಂದಿದ್ದವರಿಗೆ. ಕಾರ್ಯಕ್ರಮ ನಿಂತ ಮರುವರ್ಷ ಆ ಲಾಭದ ಹೆಚ್ಚಿನ ಭಾಗ ಕರಗಿತೆಂಬುದನ್ನೂ ಅದೇ ಪಂಡಿತರು ಮುಚ್ಚಿಡದೆ ಬರೆದಿದ್ದಾರೆ. ಪ್ರಶಸ್ತಿಯ ಸುದ್ದಿ ಎಲ್ಲರಿಗೂ ಗೊತ್ತು, ಈ ಎರಡನೆಯ ಮಾತು ಬಹುಮಂದಿಗೆ ಗೊತ್ತಿಲ್ಲ.

ಉತ್ತರ ಪ್ರದೇಶದ್ದೇ ಇನ್ನೊಂದು ನಿದರ್ಶನವಿದೆ. 2005-06ರಲ್ಲಿ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲಾ ಸಮಿತಿಯ ಅಧಿಕಾರಗಳನ್ನು ಜನಕ್ಕೆ ವಿವರಿಸಿದರು. ಕೆಲವು ಹಳ್ಳಿಗಳಲ್ಲಿ ಇದರ ಜೊತೆಗೆ ಮಕ್ಕಳಿಗೆ ಎಷ್ಟು ಓದು ಬರುತ್ತದೆಂದು ಊರವರೇ ಪರೀಕ್ಷಿಸಿ ನೋಡುವಂತೆ ಮಾಡಿದರು. ಮತ್ತೆ ಕೆಲವು ಹಳ್ಳಿಗಳಲ್ಲಿ ಇವೆರಡರ ಮೇಲೆ, ಊರಿನ ತರುಣ ತರುಣಿಯರಿಗೆ ಕೆಲವು ದಿನ ತರಬೇತಿ ಕೊಟ್ಟು ಸಂಜೆಯ ಓದಿನ ಶಿಬಿರ ನಡೆಸಲು ಹೇಳಿದರು. ಸಂಬಳವಿಲ್ಲ. ಸಭೆಯಿಂದಲೂ ತಿಳಿವಳಿಕೆಯಿಂದಲೂ ಮಕ್ಕಳ ಓದಿನಲ್ಲಿ ಬದಲಾವಣೆಯೇನೂ ಕಾಣಲಿಲ್ಲ. ಸಂಜೆಯ ಶಿಬಿರಕ್ಕೆ ಬಂದ ಮಕ್ಕಳ ಪೈಕಿ, ಮೊದಲು ಒಂದಕ್ಷರವೂ ಬಾರದಿದ್ದವರು ವರ್ಷಾಂತ್ಯಕ್ಕೆ ಅಕ್ಷರ ಗುರುತಿಸಬಲ್ಲವರಾದರು. ಶಿಬಿರವಿಲ್ಲದ ಊರುಗಳಲ್ಲಿ ಅಂಥವರು ನೂರಕ್ಕೆ ನಲವತ್ತರಷ್ಟು ಮಾತ್ರ. ಆದರೆ ಶಿಬಿರಕ್ಕೆ ಬಂದವರ ಸಂಖ್ಯೆಯೇ ಕಡಿಮೆ. ಹಳ್ಳಿಯ ಮಕ್ಕಳಲ್ಲಿ ನೂರಕ್ಕೆ ಎಂಟು ಮಂದಿ.

ಸಂಘಗಳನ್ನು ನಡೆಸುವ ನಾವು ಜೌನ್‌ಪುರದ ಈ ಪಾಠವನ್ನು ಎರಡು ಬಾರಿ ಓದಿಕೊಳ್ಳಬೇಕು. ಸಭೆ ಸೇರಿ ಠರಾವು ಮಾಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅಲ್ಲಿ ಕೆಲಸ ಮಾಡಿದ್ದು ಒಬ್ಬ ಮನುಷ್ಯ ಒಂದು ಮಗುವಿನ ಪಕ್ಕ ನಿತ್ಯ ಕೂತದ್ದು. ಅದು ಎಲ್ಲೆಲ್ಲಿ ಸಾಧ್ಯವಾಗಲಿಲ್ಲವೋ ಅಲ್ಲೆಲ್ಲ ಕಾರ್ಯಕ್ರಮ ಬಿದ್ದುಹೋಯಿತು. ಸರ್ಕಾರಿ ಶಿಕ್ಷಕರಿಗೆ ಇದು ಆಗದು ಎನ್ನುವವರಿಗೆ ಬಿಹಾರ ಉತ್ತರ ಕೊಟ್ಟಿದೆ. 2008ರ ಬೇಸಿಗೆ ರಜೆಯಲ್ಲಿ ಅಲ್ಲಿನ ಸರ್ಕಾರಿ ಶಿಕ್ಷಕರೇ ಹಿಂದುಳಿದ ಮಕ್ಕಳಿಗಾಗಿ ಶಿಬಿರ ನಡೆಸಿದಾಗ ತಿಂಗಳೊಪ್ಪತ್ತಿನಲ್ಲಿ ಓದು ಸುಧಾರಿಸಿತು. ಶಾಲೆ ತೆರೆದು ಪಠ್ಯಪುಸ್ತಕ ಹಿಂದಿರುಗಿದೊಡನೆ ಅದೇ ಶಿಕ್ಷಕರು, ಅದೇ ತರಬೇತಿ, ಅದೇ ಸಾಮಗ್ರಿ ಇದ್ದರೂ ಫಲ ಕಾಣಲಿಲ್ಲ. ದೋಷ ಶಿಕ್ಷಕರಲ್ಲಿಲ್ಲ, ಅವರ ಮೇಲಿನ ಹೊರೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ದೆಹಲಿ ಸರ್ಕಾರ 2018ರಲ್ಲಿ ‘ಮಿಷನ್ ಬುನಿಯಾದ್’ ಹೆಸರಿನಲ್ಲಿ ಮಕ್ಕಳನ್ನು ತರಗತಿಯ ಬದಲು ಓದಿನ ಮಟ್ಟದಿಂದ ವಿಂಗಡಿಸಿ ಕಲಿಸಿತು. ಕಸ್ತೂರಿರಂಗನ್ ಸಮಿತಿಯ 2019ರ ಕರಡು ಶಿಕ್ಷಣ ನೀತಿಯಲ್ಲಿ, ಚೆನ್ನಾಗಿ ಓದುವ ವಿದ್ಯಾರ್ಥಿಗಳು ವಾರಕ್ಕೆ ಐದು ಗಂಟೆಯವರೆಗೆ ಕಿರಿಯರಿಗೆ ಓದಿಸುವ ಒಂದು ರಾಷ್ಟ್ರೀಯ ಯೋಜನೆಯೂ, ಸ್ಥಳೀಯ ಮಹಿಳೆಯರನ್ನು ಸಹಾಯಕರಾಗಿ ನೇಮಿಸುವ ಇನ್ನೊಂದು ಯೋಜನೆಯೂ ಇದ್ದವು. 2020ರ ಅಂತಿಮ ನೀತಿಯಲ್ಲಿ ಆ ಯೋಜನೆಗಳ ಹೆಸರು ಮಾಯವಾಗಿ, ಸಮುದಾಯದ ಪ್ರತಿ ಅಕ್ಷರಸ್ಥನೂ ಒಬ್ಬರಿಗೆ ಓದು ಕಲಿಸಿದರೆ ದೇಶದ ಸ್ವರೂಪ ಬೇಗ ಬದಲಾಗುತ್ತದೆ ಎಂಬ ಆಶಯ ಉಳಿದುಕೊಂಡಿತು. ಯೋಜನೆ ಆಶಯವಾದಾಗ ಅನುದಾನದ ಶೀರ್ಷಿಕೆ ಮರೆಯಾಗುತ್ತದೆ ಎಂಬುದು ಕಡತದವರಿಗೆ ಗೊತ್ತು. 2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಮೂರನೆಯ ತರಗತಿಯ ಅಂತ್ಯಕ್ಕೆ ಎಲ್ಲ ಮಕ್ಕಳಿಗೂ ಓದು ಬರಬೇಕೆಂದು 2026-27ರ ಗಡುವು ಹಾಕಿಕೊಂಡಿತು. ಉತ್ತರ ಪ್ರದೇಶದ ಅಂಕಿ ಏರಿದ್ದರಲ್ಲಿ ಇದರ ಪಾಲೂ ಇರಬಹುದು. ಅದರಿಂದ ಮೂರನೆಯ ತರಗತಿ ದಾಟಿಹೋದ ನಮ್ಮ ಹುಡುಗನಿಗೆ ಪ್ರಯೋಜನವಿಲ್ಲ.

ಈಗ ನಮ್ಮ ನಾಡಿನ ಕಡೆ ತಿರುಗೋಣ. 1990ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂದು ಕಟ್ಟಿದ್ದು ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಹರಡಿದ ಮೇಲೆ ತೆಳುವಾಯಿತೆಂಬ ಟೀಕೆಯಿದೆ, ಅದರಲ್ಲಿ ಹುರುಳಿದೆ. ಆದರೆ ಅದರ ಒಂದು ಉಪಾಯವನ್ನು ತಾವು ದಯಮಾಡಿ ಗಮನಿಸಬೇಕು. ಅಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭವಾಗುತ್ತದೆ. ಐದೇ ಅಕ್ಷರ ಬಂದರೆ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ‘ಅರಸರ ಸರದ ದರ’ ಎಂದು ಓದಿ ನಗಲೂ ನಗುತ್ತದೆ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಸ್ವರಗಳೆಲ್ಲ ಮುಗಿದರೂ ‘ಆ’, ‘ಈ’ ಎಂದು ಬೆರಳು ತೋರಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಗು ಓದಲಾರದು. ಮೊದಲ ವಾರದಲ್ಲೇ ಒಂದು ಪದ, ಆ ಪದಕ್ಕೊಂದು ಅರ್ಥ ಕೈಗೆ ಸಿಕ್ಕ ಮಗುವಿಗೂ, ಆರು ತಿಂಗಳು ಅರ್ಥವಿಲ್ಲದ ಚಿಹ್ನೆಗಳನ್ನು ತಿದ್ದಿದ ಮಗುವಿಗೂ ಇರುವ ಅಂತರ ಎಷ್ಟೆಂದು ವಿವರಿಸಬೇಕಾಗಿಲ್ಲ. ಮುಂದೆ ನಾಲ್ಕು, ಐದನೆಯ ತರಗತಿಗಳಲ್ಲಿ ಹಿಂದುಳಿದವರಿಗಾಗಿ ‘ಓದು ಕರ್ನಾಟಕ’ ಬಂತು, ಮಹಾಮಾರಿಯ ನಂತರ 2022-23ರಲ್ಲಿ ‘ಕಲಿಕಾ ಚೇತರಿಕೆ’ ಬಂತು. 2020ರಲ್ಲಿ ಶಾಲೆ ಮುಚ್ಚಿದ್ದಾಗ ಶಿಕ್ಷಕರು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡ ‘ವಿದ್ಯಾಗಮ’ವೂ ನಡೆಯಿತು, ಸೋಂಕಿನ ಭಯದಿಂದ ನಡುವೆ ನಿಂತಿತು. ಬೆಲ್ ಕಂಡ ಜಗಲಿ ಕೆಲವು ವಾರ ಮರಳಿ ಬಂದು ಹೋದಂತಾಯಿತು.

ಇಲ್ಲಿಯವರೆಗೆ ನಾನು ಅನ್ಯರ ಮಕ್ಕಳ ಮಾತಾಡಿದೆ. ನಮ್ಮ ಮಕ್ಕಳ ಕಥೆಯೇನು? ಗಣಿತ, ವಿಜ್ಞಾನಗಳಲ್ಲಿ ಅವರಿಗೆ ನಮ್ಮ ಸಹಾಯ ಬೇಕಿಲ್ಲ. ಕನ್ನಡದ ಓದಿನಲ್ಲಿ ಮಾತ್ರ ಅವರು ಆ ಐದನೆಯ ತರಗತಿಯ ಹುಡುಗನ ಸಾಲಿನಲ್ಲೇ ಕೂರುತ್ತಾರೆ. ಮನೆಯಲ್ಲಿ ಅಚ್ಚ ಧಾರವಾಡದ ಕನ್ನಡ, ಅಚ್ಚ ಮಂಗಳೂರಿನ ಕನ್ನಡ ಆಡುವ ಮಗುವೂ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಸೋದರತ್ತೆ ಕನ್ನಡ ಲಿಪಿಯಲ್ಲಿ ಬರೆದರೆ ‘ಇದೇನಮ್ಮ?’ ಎಂದು ತಾಯಿಯ ಕೈಗೆ ಫೋನು ಕೊಡುತ್ತದೆ. ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆಯಿದೆ ನಿಜ. ಯಮುನೆಯ ಈಚೆಗಿನ ನಮಗೆ ಅದು ನಿತ್ಯ ಎಟುಕುವ ದೂರದಲ್ಲಿಲ್ಲ. ಉತ್ತರ ಪ್ರದೇಶದ ಶಾಲೆಗಳಲ್ಲಿ ತ್ರಿಭಾಷಾ ಸೂತ್ರದ ಮೂರನೆಯ ಭಾಷೆ ಸಾಮಾನ್ಯವಾಗಿ ಸಂಸ್ಕೃತ. ಉಳಿದದ್ದು ಸಂಘಗಳು ನಡೆಸುವ ಭಾನುವಾರದ ತರಗತಿಗಳು.

ಅಂಥ ತರಗತಿಗಳನ್ನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ಜೂನ್ ತಿಂಗಳಲ್ಲಿ ನಲವತ್ತೊಂಬತ್ತು ಅಕ್ಷರಗಳ ಮೆರವಣಿಗೆ ಹೊರಡುತ್ತದೆ. ಆಗಸ್ಟಿಗೆ ಙ, ಞಗಳ ಬಳಿ ಬಂದು ಏದುಸಿರು ಬಿಡುತ್ತದೆ. ಅಕ್ಟೋಬರಿನಲ್ಲಿ ರಾಜ್ಯೋತ್ಸವದ ನೃತ್ಯಾಭ್ಯಾಸಕ್ಕಾಗಿ ತರಗತಿ ನಿಲ್ಲುತ್ತದೆ. ಒತ್ತಕ್ಷರದವರೆಗೆ ತಲುಪಿದವರನ್ನು ನಾನು ಕಂಡಿಲ್ಲ. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇಲ್ಲಿ ನಮಗೆ ಉಪಯುಕ್ತ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಮಗುವಿಗೆ ಬೇಗ ಕೈವಶವಾದರೆ, ಕನ್ನಡದಲ್ಲಿ ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಿರುವುದರಿಂದ ಅಕ್ಷರ ಕಲಿಕೆಯೇ ನಾಲ್ಕನೆಯ ತರಗತಿಯವರೆಗೂ ಅದರಾಚೆಗೂ ಸಾಗುತ್ತದೆ ಎಂದು ಅವರು ತೋರಿಸಿದರು. ನಾಡಿನೊಳಗೆ, ಕನ್ನಡ ಫಲಕಗಳ ನಡುವೆ, ನಿತ್ಯ ಶಾಲೆಗೆ ಹೋಗುವ ಮಗುವಿಗೇ ನಾಲ್ಕು ವರ್ಷ. ವಾರಕ್ಕೊಂದು ಗಂಟೆಯ ನಮ್ಮ ತರಗತಿ ಐದು ತಿಂಗಳಲ್ಲಿ ಸಾಧಿಸುವುದೇನು?

ಇಲ್ಲಿನ ಮಕ್ಕಳ ತೊಡಕುಗಳೂ ಬೇರೆ. ಹಿಂದಿಯ ಅಭ್ಯಾಸದಿಂದ ಪದದ ಕೊನೆಯ ‘ಅ’ವನ್ನು ನುಂಗಿ ‘ಅರಸ’ವನ್ನು ‘ಅರಸ್’ ಎನ್ನುತ್ತಾರೆ. ಹಿಂದಿಯಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಬೇರೆ ಅಕ್ಷರಗಳಿಲ್ಲವಾದ್ದರಿಂದ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಅವರ ಕಣ್ಣಿಗೆ ಒಂದೇ. ‘ಸೂರ್ಯ’ದ ಅರ್ಕಾವೊತ್ತು ಮೊದಲು ಉಚ್ಚರಿಸಬೇಕಾದದ್ದನ್ನು ಕೊನೆಯಲ್ಲಿ ಬರೆಯಿಸಿಕೊಳ್ಳುತ್ತದೆ. ಹಿಂದಿ ಕಲಿಯುವ ಮಗುವಿಗೆ ಹ್ರಸ್ವ ‘ಇ’ಕಾರದ ಮಾತ್ರೆಯಲ್ಲಿ ಇದರ ತಿರುಗುಮುರುಗು ತೊಡಕಿದೆ, ಅಲ್ಲಿ ಆಮೇಲೆ ಉಚ್ಚರಿಸಬೇಕಾದದ್ದು ಮೊದಲೇ ಬಂದು ಕೂತಿರುತ್ತದೆ. ಇಂಥದನ್ನೆಲ್ಲ ಮೂವತ್ತು ಮಕ್ಕಳ ಮುಂದೆ ಹಲಗೆಯ ಮೇಲೆ ಬರೆದು ಸರಿಪಡಿಸಲಾಗದು. ಪಕ್ಕದಲ್ಲಿ ಕೂತು, ಮಗು ಎಡವಿದ ಜಾಗದಲ್ಲಿಯೇ ತಡೆದು ತೋರಿಸಬೇಕಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಇಷ್ಟು. ಭಾನುವಾರದ ತರಗತಿಯನ್ನು ಬಿಟ್ಟು, ವಾರದಲ್ಲಿ ಐದು ಸಂಜೆ, ತಲಾ ಒಂದು ಗಂಟೆಯ ‘ಓದಿನ ವೇಳೆ’ಯನ್ನು ಸಂಘ ನಡೆಸಲಿ. ಒಂದೇ ಕೋಣೆ, ಎರಡು ಜಮಖಾನೆ. ಒಂದರ ಮೇಲೆ ನಮ್ಮ ಮಕ್ಕಳು, ಕನ್ನಡ ಓದಲು. ಇನ್ನೊಂದರ ಮೇಲೆ ನೆರೆಯ ಕೆಲಸಗಾರರ ಮಕ್ಕಳು, ಹಿಂದಿ ಓದಲು. ಕ್ರಮ ಎರಡಕ್ಕೂ ಒಂದೇ.

ಇಲ್ಲಿಗೆ ಸಭೆಯಲ್ಲಿ ಗುಸುಗುಸು ಏಳುತ್ತದೆಂದು ನನಗೆ ಗೊತ್ತಿತ್ತು. ಹಿಂದಿ ಹೇರಿಕೆಯನ್ನು ವಿರೋಧಿಸಿ ಇದೇ ಪತ್ರಿಕೆಯಲ್ಲಿ ಲೇಖನ ಬರೆಯುವ ನಾವು ಕನ್ನಡ ಸಂಘದ ಹಣದಲ್ಲಿ ಹಿಂದಿ ಕಲಿಸುವುದೆ? ಪ್ರಶ್ನೆ ನ್ಯಾಯವಾದದ್ದು. ಹುಬ್ಬಳ್ಳಿಯ ಬ್ಯಾಂಕಿನ ಅರ್ಜಿ ಹಿಂದಿಯಲ್ಲಿದ್ದರೆ ಅದು ಹೇರಿಕೆ. ಅದನ್ನು ನಾನೂ ವಿರೋಧಿಸುತ್ತೇನೆ, ಕೇಂದ್ರದ ನೌಕರನಾಗಿದ್ದುಕೊಂಡೇ. ಆದರೆ ಅವಧಿ ಅಥವಾ ಭೋಜಪುರಿ ಆಡುವ ಮನೆಯಿಂದ ಬಂದು ಹಿಂದಿಯ ಶಾಲೆಯಲ್ಲಿ ಕೂತಿರುವ ಮಗುವಿಗೆ ಅಲ್ಲಿನ ಪುಸ್ತಕ ಓದಲು ಬಾರದಿದ್ದರೆ, ಅದು ಮುಂದೆ ಯಾವ ಭಾಷೆಯಲ್ಲೂ ಏನನ್ನೂ ಓದುವುದಿಲ್ಲ. ಮಗು ತಾನಿರುವ ನೆಲದ ಶಾಲೆಯ ಭಾಷೆಯನ್ನು ಓದಬಲ್ಲದಾಗಬೇಕೆಂಬ ತತ್ತ್ವವನ್ನು ಮುಂದಿಟ್ಟುಕೊಂಡೇ ನಾವು ಕರ್ನಾಟಕದಲ್ಲಿ ಕನ್ನಡದ ಪರವಾಗಿ ವಾದಿಸುತ್ತೇವೆ. ಬೆಂಗಳೂರಿಗೆ ಬಂದ ಹೊರನಾಡಿಗರು ಕನ್ನಡಕ್ಕೆ ಏನು ಮಾಡಿದರು ಎಂದು ಕೇಳುವವರು, ಘಾಜಿಯಾಬಾದಿಗೆ ಬಂದ ಕನ್ನಡಿಗರು ಈ ನೆಲಕ್ಕೆ ಏನು ಮಾಡಿದರು ಎಂಬ ಪ್ರಶ್ನೆಗೂ ಸಿದ್ಧರಿರಬೇಕು. ಇನ್ನೂ ಒಂದು ಸ್ವಾರ್ಥದ ಕಾರಣವಿದೆ. ನಮ್ಮ ಹದಿನೈದು ವರ್ಷದ ಮಕ್ಕಳಿಗೆ ಹಿಂದಿ ಓದು ಚೆನ್ನಾಗಿ ಬರುತ್ತದೆ. ಅವರು ಮೊದಲ ಅರ್ಧ ಗಂಟೆ ಇನ್ನೊಂದು ಜಮಖಾನೆಯಲ್ಲಿ ಕೂತು ಕಿರಿಯರಿಗೆ ಹಿಂದಿ ಓದಿಸಲಿ, ಉಳಿದ ಅರ್ಧ ಗಂಟೆ ನಮ್ಮಿಂದ ಕನ್ನಡ ಓದಿಸಿಕೊಳ್ಳಲಿ. ಕಲಿಸುವಾಗ ಬರುವ ತಾಳ್ಮೆ ಕಲಿಯುವಾಗಲೂ ಒದಗುತ್ತದೆಂಬುದನ್ನು ನಮ್ಮ ಸಣ್ಣ ಗುಂಪಿನಲ್ಲಿ ಎರಡು ಚಳಿಗಾಲ ಕಂಡಿದ್ದೇನೆ. ಆ ಐದನೆಯ ತರಗತಿಯ ಹುಡುಗ ನವೆಂಬರಿನಲ್ಲಿ ಬಂದು ಫೆಬ್ರವರಿಗೆ ತಾನೆಂದೂ ನೋಡಿರದ ಕಥೆಯ ಪುಸ್ತಕದ ಎರಡು ಪುಟಗಳನ್ನು ತಡವರಿಸುತ್ತ ಓದಿದ. ತಡವರಿಸಿದ್ದೇ ನಮಗೆ ಸಂತೋಷ. ಬಾಯಿಪಾಠದವನು ತಡವರಿಸುವುದಿಲ್ಲ.

ಖರ್ಚಿನ ಬಗ್ಗೆ ಖಜಾಂಚಿಗಳು ಗಾಬರಿಯಾಗಬೇಕಾಗಿಲ್ಲ. ಮಟ್ಟ ತಿಳಿಯಲು ಒಂದು ಹಾಳೆ ಸಾಕು: ಬಿಡಿ ಅಕ್ಷರ, ಬಿಡಿ ಪದ, ನಾಲ್ಕು ಸಾಲಿನ ಪರಿಚ್ಛೇದ, ಒಂದು ಪುಟ್ಟ ಕಥೆ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ತರಗತಿ. ವಯಸ್ಸು, ಶಾಲೆ ಕೇಳಬೇಡಿ. ಕಾಗುಣಿತದ ಮತ್ತು ಹಿಂದಿಯ ಬಾರಹಖಡಿಯ ಎರಡು ದೊಡ್ಡ ಪಟಗಳು, ಅಕ್ಷರದ ಬಿಲ್ಲೆಗಳು, ಸ್ಲೇಟು. ಕಥೆಗಳಿಗೆ ನ್ಯಾಷನಲ್ ಬುಕ್ ಟ್ರಸ್ಟಿನ ಅಗ್ಗದ ಪುಸ್ತಕಗಳಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡ, ಹಿಂದಿ ಎರಡರಲ್ಲೂ ಒಂದೇ ಕಥೆ ಉಚಿತವಾಗಿ ಸಿಗುತ್ತದೆ, ಮುದ್ರಿಸಿಕೊಂಡರಾಯಿತು. ಪಠ್ಯಪುಸ್ತಕ ಮಾತ್ರ ಆ ಕೋಣೆಯೊಳಗೆ ಬರಕೂಡದು. ಮನೆಪಾಠ ಮಾಡಿಸಿಕೊಡಿ ಎಂದು ನಮ್ಮ ತಾಯಂದಿರೂ ಅವರ ತಾಯಂದಿರೂ ಖಂಡಿತ ಒತ್ತಾಯಿಸುತ್ತಾರೆ. ಆ ಒತ್ತಾಯಕ್ಕೆ ಮಣಿದ ದಿನ ಇದು ಇನ್ನೊಂದು ಟ್ಯೂಷನ್ ಆಗುತ್ತದೆ.

ಕಷ್ಟವಿರುವುದು ಹಣದಲ್ಲಲ್ಲ, ಜನರಲ್ಲಿ. ನವೆಂಬರ್ ಕನ್ನಡಿಗರೆಂಬ ಬಿರುದು ನಮಗೆ ಸುಮ್ಮನೆ ಬಂದದ್ದಲ್ಲ. ಜೌನ್‌ಪುರದ ತರುಣರಿಗೆ ವಯಸ್ಸಿತ್ತು, ಊರಿತ್ತು. ಆದರೂ ಬಹುಮಂದಿ ಕೆಲವು ತಿಂಗಳಿಗೆ ನಿಲ್ಲಿಸಿದರು. ನಮಗೆ ಮೆಟ್ರೋ, ಆಫೀಸು, ಮಂಡಿನೋವು, ಜನವರಿಯ ಮಂಜು. ಹಾಗಾಗಿ ವರ್ಷವಿಡೀ ಎಂಬ ಪ್ರತಿಜ್ಞೆ ಬೇಡವೆಂದು ನನ್ನ ಅಭಿಪ್ರಾಯ. ಮೊದಲು ಐವತ್ತು ದಿನ. ಐವತ್ತನೆಯ ದಿನ ಅದೇ ಹಾಳೆಯನ್ನು ಮತ್ತೆ ಓದಿಸಿ ನೋಡೋಣ. ಯಾರು ಎಷ್ಟು ಮೆಟ್ಟಿಲು ಏರಿದರೆಂಬುದನ್ನು, ಏರದವರ ಸಂಖ್ಯೆಯನ್ನೂ ಸೇರಿಸಿ, ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸೋಣ. ಮುಂದುವರಿಸುವುದೋ ಬಿಡುವುದೋ ಎಂಬ ಚರ್ಚೆ ಆಮೇಲೆ.

ಒಬ್ಬರಿಗೆ ಐದು ಮಕ್ಕಳಿಗಿಂತ ಹೆಚ್ಚು ಬೇಡ. ಎರಡು ಜಮಖಾನೆಗೆ ದಿನಕ್ಕೆ ಆರು ಮಂದಿ ಬೇಕು, ವಾರಕ್ಕೆ ಎರಡು ದಿನ ಕೊಡುವವರಾದರೆ ಒಟ್ಟು ಹದಿನೈದು. ಮಂಗಳವಾರ ಮತ್ತು ಶುಕ್ರವಾರ ನನ್ನ ಹೆಸರು ಬರೆದಿದ್ದೇನೆ. ಉಳಿದ ದಿನಗಳ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನೂ ಇದೆ. ಊಟಕ್ಕೆ ಹೋಗುವ ಮುನ್ನ ನೋಡಿ ಹೋಗಬೇಕೆಂದು ವಿನಂತಿ.